ನಮ್ಮೂರಿನ ಕುಡಿಯುವ ನೀರು: ಪದೇ ಪದೇ ಕೇಳುವ ಪ್ರಶ್ನೆಗಳು

ನೀರು ಬಂತಾ ಅಂತ ಎಲ್ಲರೂ ಕೇಳುತ್ತಾರೆ. ಬಂದ ನೀರನ್ನು ಯಾರು, ಯಾವಾಗ ಪರೀಕ್ಷೆ ಮಾಡಿದರು ಅಂತ ಕೇಳುವವರು ಕಡಿಮೆ. ಕೇಳಬೇಕು ಅಂದರೂ ಯಾರನ್ನು ಹಿಡಿಯಬೇಕು, ಏನಂತ ಕೇಳಬೇಕು ಅನ್ನೋದೇ ಗೊತ್ತಾಗುವುದಿಲ್ಲ. ಕರ್ನಾಟಕದ ಹಳ್ಳಿ ಮತ್ತು ಸಣ್ಣ ಊರುಗಳ ಜನರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಬೆಂಗಳೂರಿನ ಮಾತು ಬೇಕಾದ ಕಡೆ ಬರುತ್ತದೆ.

ನಲ್ಲಿ ನೀರು ಚೆನ್ನಾಗಿರುವಂತೆ ನೋಡಿಕೊಳ್ಳೋದು ಯಾರ ಕೆಲಸ?

ಹಳ್ಳಿಯಲ್ಲಾದರೆ ಮೊದಲ ಹೊಣೆ ಗ್ರಾಮ ಪಂಚಾಯಿತಿಯದು. ದಿನಾ ಮೋಟರ್ ಹಾಕೋದು, ವಾಲ್ವ್ ತಿರುಗಿಸೋದು, ಟ್ಯಾಂಕ್ ತೊಳೆಸೋದು, ಬ್ಲೀಚಿಂಗ್ ಪೌಡರ್ ಹಾಕಿಸೋದು ಎಲ್ಲಾ ಅದರ ಲೆಕ್ಕಕ್ಕೇ ಬರುತ್ತದೆ. ಈ ಕೆಲಸ ಕೈಯಾರೆ ಮಾಡುವವರು ನೀರುಗಂಟಿ. ಕೆಲವು ಕಡೆ ವಾಟರ್‌ಮನ್ ಅನ್ನುತ್ತಾರೆ. ಬೋರ್‌ವೆಲ್ ಕೊರೆಸೋದು, ಪೈಪ್‌ಲೈನ್ ಹಾಕೋದು, ಬಹುಗ್ರಾಮ ಯೋಜನೆ ಕಟ್ಟೋದು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಕೆಲಸ. ನೀರು ಪರೀಕ್ಷೆಯ ಲ್ಯಾಬ್‌ಗಳೂ ಅದರ ಕೈಯಲ್ಲೇ ಇವೆ. ಪಟ್ಟಣದಲ್ಲಿ ಪುರಸಭೆ ಅಥವಾ ನಗರಸಭೆ, ಬೆಂಗಳೂರಿನಲ್ಲಿ ಜಲಮಂಡಳಿ. ಹೊಳೆ, ಕೆರೆಗೆ ಕಾರ್ಖಾನೆಯ ಕೊಳಕು ಸೇರಿದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಬರಬೇಕು. 1974ರ ಜಲ ಮಾಲಿನ್ಯ ಕಾಯ್ದೆಯ ಅಧಿಕಾರ ಇರೋದು ಅದಕ್ಕೆ.

ಇಷ್ಟು ಜನ ಇರುವುದೇ ಒಂದು ತೊಂದರೆ. ಒಬ್ಬರನ್ನು ಕೇಳಿದರೆ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಅದಕ್ಕೇ ನಿಮ್ಮ ಮನೆ ನಲ್ಲಿಯ ವಿಷಯವಾದರೆ ಪಂಚಾಯಿತಿಯಿಂದಲೇ ಶುರು ಮಾಡಿ. "ಅದು ಇಲಾಖೆಯವರದ್ದು" ಅಂದರೂ ಅವರ ಹೊಣೆ ತಪ್ಪುವುದಿಲ್ಲ.

ನೀರು ಕುಡಿಯಲು ಯೋಗ್ಯ ಅಂತ ಯಾವ ಲೆಕ್ಕದ ಮೇಲೆ ಹೇಳುತ್ತಾರೆ?

ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಅನ್ನುವ ಪಟ್ಟಿ ಇದೆ. ಈಗ ಬಳಕೆಯಲ್ಲಿರೋದು 2012ರದು. ಅದರಲ್ಲಿ ಹೆಚ್ಚಿನವಕ್ಕೆ ಎರಡು ಅಂಕಿ ಇರುತ್ತವೆ. ಒಂದು, ನೀರು ಇಷ್ಟರೊಳಗೆ ಇರಬೇಕು ಅನ್ನೋದು. ಇನ್ನೊಂದು, ಬೇರೆ ನೀರೇ ಸಿಗದಿದ್ದರೆ ಇಷ್ಟರವರೆಗೆ ನಡೆಯುತ್ತದೆ ಅನ್ನೋದು. ಫ್ಲೋರೈಡ್ ಲೀಟರ್‌ಗೆ 1 ಮಿಲಿಗ್ರಾಂ ಒಳಗಿರಬೇಕು, ಗತಿ ಇಲ್ಲದಿದ್ದರೆ 1.5. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಮೊತ್ತ, 500. ಗತಿ ಇಲ್ಲದಿದ್ದರೆ 2000. ಗಡಸುತನ 200, ಆಮೇಲೆ 600. ನೈಟ್ರೇಟ್‌ಗೆ ಮಾತ್ರ 45 ಅಂದರೆ 45, ಅಲ್ಲಿ ರಿಯಾಯಿತಿ ಇಲ್ಲ. ಮಲದಿಂದ ಬರುವ ಇ-ಕೋಲಿ ಬ್ಯಾಕ್ಟೀರಿಯಾ 100 ಮಿಲಿಲೀಟರ್ ನೀರಿನಲ್ಲಿ ಒಂದೂ ಕಾಣಬಾರದು.

ವರದಿಯಲ್ಲಿ "ಮಿತಿಯೊಳಗಿದೆ" ಅಂತ ಬರೆದಿದ್ದರೆ ಯಾವ ಮಿತಿ ಅಂತ ನೋಡಿ. 1.4 ಫ್ಲೋರೈಡ್ ಇರುವ ನೀರಿಗೂ ಈ ಮಾತು ಬರೆಯಬಹುದು. ಬರೆದದ್ದು ಸುಳ್ಳಲ್ಲ. ಆದರೆ ಅದೇ ನೀರನ್ನು ಮಗು ಹತ್ತು ವರ್ಷ ಕುಡಿಯಬೇಕು, ಅಲ್ವಾ?

ಮನೆಗೆ ಬಂದವರು ಟಿಡಿಎಸ್ ಮೀಟರ್ ಅದ್ದಿ "ನಿಮ್ಮ ನೀರು ವಿಷ" ಅಂದರು. ನಂಬಬೇಕಾ?

ಬೇಡ. ಆ ಪೆನ್ನಿನಂಥ ಮೀಟರ್ ಹೇಳೋದು ಒಂದೇ ವಿಷಯ, ಲವಣ ಎಷ್ಟಿದೆ ಅಂತ. ಬ್ಯಾಕ್ಟೀರಿಯಾ ಇದೆಯಾ, ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಚರಂಡಿ ನೀರು ಸ್ವಲ್ಪ ಬೆರೆತ ಹೊಳೆ ನೀರಿಗೆ 200 ತೋರಿಸಬಹುದು, ಚೊಕ್ಕವಾದ ಬೋರ್‌ವೆಲ್ ನೀರಿಗೆ 700 ತೋರಿಸಬಹುದು.

ಇನ್ನೊಂದು ಆಟ ಇದೆ. ಎರಡು ಲೋಟ ಇಡುತ್ತಾರೆ, ಒಂದರಲ್ಲಿ ನಿಮ್ಮ ನೀರು, ಇನ್ನೊಂದರಲ್ಲಿ ಅವರ ಫಿಲ್ಟರ್ ನೀರು. ಎರಡಕ್ಕೂ ಲೋಹದ ಕಡ್ಡಿ ಇಳಿಬಿಟ್ಟು ಕರೆಂಟ್ ಕೊಡುತ್ತಾರೆ. ನಿಮ್ಮ ಲೋಟ ನಿಮಿಷದಲ್ಲಿ ಕಂದುಬಣ್ಣಕ್ಕೆ ತಿರುಗಿ ಮೇಲೆ ಗಸಿ ಕಟ್ಟುತ್ತದೆ. ಅದು ನೀರಿನ ಕೊಳೆಯಲ್ಲ, ಕಡ್ಡಿಯ ಕಬ್ಬಿಣ. ಲವಣ ಇರುವ ನೀರಿನಲ್ಲಿ ಕರೆಂಟ್ ಹರಿಯುತ್ತದೆ, ಕಡ್ಡಿ ಕರಗುತ್ತದೆ. ಅವರ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ಮಾಡಿ ಅನ್ನಿ. ಮಾರಲು ಬಂದವರು ಡಬ್ಬ ಕಟ್ಟಿಕೊಂಡು ಹೊರಡುತ್ತಾರೆ.

ನಮ್ಮ ಕಡೆ ಫ್ಲೋರೈಡ್ ಜಾಸ್ತಿ ಅನ್ನುತ್ತಾರೆ. ಅದು ಎಲ್ಲಿಂದ ಬರುತ್ತದೆ? ಕುದಿಸಿದರೆ ಹೋಗುತ್ತದಾ?

ಎರಡನೇ ಪ್ರಶ್ನೆಗೆ ಮೊದಲು ಉತ್ತರ: ಹೋಗುವುದಿಲ್ಲ. ಕುದಿಸಿದಾಗ ನೀರು ಆವಿಯಾಗುತ್ತದೆ, ಫ್ಲೋರೈಡ್ ಅಲ್ಲೇ ಉಳಿಯುತ್ತದೆ. ಹಾಗಾಗಿ ಪಾತ್ರೆಯಲ್ಲಿ ಉಳಿದ ನೀರಿನಲ್ಲಿ ಇನ್ನೂ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಬಟ್ಟೆಯಲ್ಲಿ ಸೋಸುವುದು, ಕ್ಯಾಂಡಲ್ ಫಿಲ್ಟರ್, ಯುವಿ ದೀಪದ ಫಿಲ್ಟರ್, ಯಾವುದೂ ಇದಕ್ಕೆ ಆಗುವುದಿಲ್ಲ.

ಪಾವಗಡ, ಬಾಗೇಪಲ್ಲಿ, ಮುಂಡರಗಿ, ಕೋಲಾರದ ಕಡೆ ನೆಲದಡಿ ಗ್ರಾನೈಟ್‌ನಂಥ ಗಟ್ಟಿ ಕಲ್ಲು. ಆ ಕಲ್ಲಿನಲ್ಲೇ ಫ್ಲೋರೈಡ್ ಇರುವ ಖನಿಜ ಇದೆ. ಕಲ್ಲಿನ ಬಿರುಕಿನಲ್ಲಿ ನೀರು ವರ್ಷಗಟ್ಟಲೆ ನಿಂತರೆ ಸ್ವಲ್ಪ ಸ್ವಲ್ಪವೇ ಕರಗುತ್ತದೆ. ಮೊದಲು ತೆರೆದ ಬಾವಿಯ ನೀರು ಕುಡಿಯುತ್ತಿದ್ದರು. ಅದು ಮಳೆ ಬಂದಾಗ ಹೊಸದಾಗುವ ಮೇಲ್ಪದರದ ನೀರು. ಬಾವಿ ಬತ್ತಿದ ಮೇಲೆ ಬೋರ್‌ವೆಲ್ ಬಂತು. ಇನ್ನೂರು ಅಡಿ ಹೋಗಿ ಐನೂರಾಯಿತು, ಸಾವಿರವೂ ದಾಟಿತು. ಆಳಕ್ಕೆ ಹೋದಂತೆಲ್ಲ ಹಳೆಯ ನೀರು ಸಿಗುತ್ತದೆ, ಅದರ ಜೊತೆ ಫ್ಲೋರೈಡೂ ಬರುತ್ತದೆ. ಇದನ್ನು ಯಾವ ಕಾರ್ಖಾನೆಯೂ ಬೆರೆಸಿದ್ದಲ್ಲ. ಕೆರೆ ತುಂಬದೆ, ಅಂತರ್ಜಲ ತೋಡಿ ತೋಡಿ ನಾವೇ ಅಲ್ಲಿಗೆ ಇಳಿದದ್ದು.

ತೊಂದರೆ ಮೊದಲು ಮಕ್ಕಳ ಹಲ್ಲಿನಲ್ಲಿ ಕಾಣುತ್ತದೆ. ಶಾಶ್ವತ ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಸುಮಾರು ಎಂಟು ವರ್ಷದವರೆಗಿನ ಕಾಲದಲ್ಲಿ ಫ್ಲೋರೈಡ್ ಜಾಸ್ತಿ ಹೋದರೆ, ಹುಟ್ಟುವ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಆಮೇಲೆ ಹಳದಿ, ಕಂದು ಗೆರೆ. ಉಜ್ಜಿದರೆ ಹೋಗುವುದಿಲ್ಲ. ಊರಿಗೆ ಹೊಸ ಮೇಷ್ಟ್ರು ಬಂದು "ಸರಿಯಾಗಿ ಹಲ್ಲುಜ್ಜಿ" ಅಂತ ಮಕ್ಕಳನ್ನು ಬೈದರೆ ಅದು ಮಕ್ಕಳ ತಪ್ಪಲ್ಲ. ವರ್ಷಾನುಗಟ್ಟಲೆ ಇನ್ನೂ ಜಾಸ್ತಿ ಪ್ರಮಾಣದಲ್ಲಿ ಕುಡಿದವರಿಗೆ ಕೀಲುನೋವು ಬರುತ್ತದೆ, ಬೆನ್ನು ಬಗ್ಗಿಸಲು ಆಗುವುದಿಲ್ಲ. ಮೂಳೆಗೆ ಇಳಿದ ಮೇಲೆ ವಾಸಿ ಮಾಡುವ ಮದ್ದಿಲ್ಲ. ಕುಡಿಯುವ ನೀರು ಬದಲಾಯಿಸೋದೊಂದೇ ದಾರಿ.

ದಾರಿ ಇರೋದು ಮೂರು. ಒಂದು, ಆರ್‌ಒ ಘಟಕದಲ್ಲಿ, ಅಂದರೆ ತೆಳು ಪೊರೆಯ ಮೂಲಕ ನೀರನ್ನು ಒತ್ತಿ ಲವಣ ತಡೆಯುವ ಯಂತ್ರದಲ್ಲಿ, ಫ್ಲೋರೈಡ್ ತೆಗೆಯೋದು. ಪಟಿಕ ಮತ್ತು ಸುಣ್ಣ ಹಾಕಿ ಕಲಕಿ ಫ್ಲೋರೈಡ್ ಅನ್ನು ತಳಕ್ಕೆ ಕೂರಿಸುವ ನಲ್ಗೊಂಡ ವಿಧಾನವೂ ಇದೆ. ನಾಗಪುರದ ನೀರಿ (NEERI) ಅನ್ನುವ ಪರಿಸರ ಸಂಶೋಧನಾ ಸಂಸ್ಥೆ ಅದನ್ನು ಬೆಳೆಸಿತು. ಆದರೆ ದಿನಾ ಅಳತೆ ತಪ್ಪದೆ ಹಾಕುವವರು ಬೇಕು. ಎರಡು, ದೂರದ ಹೊಳೆಯಿಂದ ನೀರು ತರೋದು. ತುಂಗಭದ್ರೆಯ ಹಿನ್ನೀರನ್ನು ಪಾವಗಡಕ್ಕೆ ತರುವ ಯೋಜನೆ ಬಂದದ್ದು ಇದಕ್ಕೇ. ಮೂರು, ಮಳೆನೀರು ಹಿಡಿದಿಡೋದು. ಹೊಳೆ ನೀರಿನ ಯೋಜನೆಗೆ ವರ್ಷಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಕುಡಿಯಲು, ಅಡುಗೆಗೆ ಮಾತ್ರವಾದರೂ ಬೇರೆ ನೀರು ಬಳಸಿ. ಸ್ನಾನಕ್ಕೆ, ಪಾತ್ರೆ ತೊಳೆಯಲು ಬೋರ್‌ವೆಲ್ ನೀರೇ ಸಾಕು, ಅದರಿಂದ ತೊಂದರೆ ಇಲ್ಲ.

ಊರಿನ ಶುದ್ಧ ನೀರಿನ ಘಟಕ ನಿಜಕ್ಕೂ ಕೆಲಸ ಮಾಡುತ್ತಿದೆಯಾ ಅಂತ ತಿಳಿಯೋದು ಹೇಗೆ?

ನಾಣ್ಯ ಹಾಕಿದರೆ ಅಥವಾ ಕಾರ್ಡ್ ತೋರಿಸಿದರೆ 20 ಲೀಟರ್ ಬರುವ ಆರ್‌ಒ ಘಟಕಗಳು ಈಗ ರಾಜ್ಯದಲ್ಲಿ ಸಾವಿರಾರು ಇವೆ. ನೀರು ಬೀಳುತ್ತಿದೆ ಅಂದ ಮಾತ್ರಕ್ಕೆ ಒಳಗಿನ ಮೆಂಬ್ರೇನ್, ಅಂದರೆ ಲವಣ ತಡೆಯುವ ಪೊರೆ, ಚೆನ್ನಾಗಿದೆ ಅಂತಲ್ಲ. ಇಲ್ಲಿ ಟಿಡಿಎಸ್ ಮೀಟರ್ ಉಪಯೋಗಕ್ಕೆ ಬರುತ್ತದೆ. ಒಳಗೆ ಹೋಗುವ ಬೋರ್‌ವೆಲ್ ನೀರಿಗೆ ಒಮ್ಮೆ ಅದ್ದಿ, ಹೊರಗೆ ಬರುವ ನೀರಿಗೆ ಒಮ್ಮೆ ಅದ್ದಿ. ಮೊದಲನೆಯದು 1200, ಎರಡನೆಯದು 100 ಇದ್ದರೆ ಮೆಂಬ್ರೇನ್ ಕೆಲಸ ಮಾಡುತ್ತಿದೆ. ಎರಡನೆಯದು ತಿಂಗಳಿಂದ ತಿಂಗಳಿಗೆ ಏರುತ್ತಾ 600, 700ಕ್ಕೆ ಹೋದರೆ ಬದಲಾಯಿಸುವ ಕಾಲ ಬಂತು ಅಂತ ಅರ್ಥ. ಫ್ಲೋರೈಡನ್ನು ಮಾತ್ರ ಬೇರೆಯಾಗಿ ಪರೀಕ್ಷೆ ಮಾಡಿಸಲೇಬೇಕು.

ಹಿಂದುಗಡೆಯ ಪೈಪನ್ನೂ ನೋಡಿ. ಒಳ್ಳೆಯ ನೀರು ಎಷ್ಟು ಬರುತ್ತದೋ ಹೆಚ್ಚು ಕಡಿಮೆ ಅಷ್ಟೇ ನೀರು ಎಲ್ಲಾ ಲವಣ ಹೊತ್ತುಕೊಂಡು ಹೊರಗೆ ಹೋಗುತ್ತದೆ. ಅದನ್ನು ಪಕ್ಕದ ಗುಂಡಿಗೆ ಬಿಟ್ಟರೆ ಅದೇ ಬೋರ್‌ವೆಲ್‌ಗೆ ಇಳಿದು ಮತ್ತೆ ಘಟಕಕ್ಕೇ ಬರುತ್ತದೆ. ಗಾಡಿ ತೊಳೆಯಲು, ಶೌಚಾಲಯಕ್ಕೆ ಬಳಸಿಕೊಳ್ಳಬಹುದು.

ಇನ್ನು ಕ್ಯಾನ್. ಘಟಕದ ನೀರು ಎಷ್ಟೇ ಚೆನ್ನಾಗಿದ್ದರೂ ಒಳಗೆ ಪಾಚಿ ಹಸಿರಾಗಿರುವ ಕ್ಯಾನಿಗೆ ತುಂಬಿದರೆ ಏನು ಬಂತು? ಆರ್‌ಒ ನೀರಿನಲ್ಲಿ ಸಾಮಾನ್ಯವಾಗಿ ಕ್ಲೋರಿನ್ ಉಳಿದಿರುವುದಿಲ್ಲ. ಕ್ಯಾನಿನಲ್ಲಿ ಕೀಟಾಣು ಇದ್ದರೆ ಅದನ್ನು ಕೊಲ್ಲುವಂಥದ್ದು ಆ ನೀರಿನಲ್ಲಿ ಏನೂ ಇಲ್ಲ.

ಟ್ಯಾಂಕಿಗೆ ಬ್ಲೀಚಿಂಗ್ ಹಾಕಿದರೆ ನೀರು ವಾಸನೆ. ಹಾಕಬೇಡಿ ಅನ್ನಬಹುದಾ?

ಅನ್ನಬೇಡಿ. ನಲ್ಲಿಯಲ್ಲಿ ಸಣ್ಣಗೆ ಕ್ಲೋರಿನ್ ವಾಸನೆ ಬರೋದು ಒಳ್ಳೆಯ ಗುರುತು. ಕೊನೆಯ ಮನೆಯ ನಲ್ಲಿಯಲ್ಲೂ ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಅನ್ನೋದು ಲೆಕ್ಕ. ದಾರಿಯಲ್ಲಿ ಪೈಪ್ ಒಡೆದು ಕೊಳಕು ಸೇರಿದರೂ ಕೊಲ್ಲಲು ಏನಾದರೂ ಇರಲಿ ಅಂತ.

ವಾಸನೆ ಕಣ್ಣುರಿಯುವಷ್ಟು ಬಂದರೆ ಹಾಕಿದ ರೀತಿ ತಪ್ಪು. ಒಳ್ಳೆಯ ಬ್ಲೀಚಿಂಗ್ ಪೌಡರ್ ಆದರೆ 1000 ಲೀಟರ್‌ಗೆ ಸುಮಾರು 2.5 ಗ್ರಾಂ ಸಾಕು. 50,000 ಲೀಟರ್ ಟ್ಯಾಂಕಿಗೆ 125 ಗ್ರಾಂ. ಅದನ್ನೂ ನೇರವಾಗಿ ಸುರಿಯುವಂತಿಲ್ಲ. ಬಕೆಟ್‌ನಲ್ಲಿ ಸ್ವಲ್ಪ ನೀರಿಗೆ ಕಲಸಿ, ಹಿಟ್ಟಿನಂತೆ ಮಾಡಿ, ಮತ್ತೆ ನೀರು ಸೇರಿಸಿ ಕಾಲು ಗಂಟೆ ಬಿಡಬೇಕು. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹುಯ್ದು ಒಂದು ಗಂಟೆಯಾದ ಮೇಲೆ ನೀರು ಬಿಡಬೇಕು. ಪೌಡರ್ ಚೀಲದ ಬಾಯಿ ತೆರೆದಿಟ್ಟರೆ ಕೆಲವು ವಾರದಲ್ಲೇ ಸತ್ವ ಹೋಗುತ್ತದೆ. ಪಂಚಾಯಿತಿಯ ಮೂಲೆಯಲ್ಲಿ ಹೋದ ವರ್ಷದ ಚೀಲ ತೇವಗೊಂಡು ಗಡ್ಡೆ ಕಟ್ಟಿ ಬಿದ್ದಿದ್ದರೆ ಅದನ್ನು ಹಾಕೋದೂ ಒಂದೇ ಬಿಡೋದೂ ಒಂದೇ.

ಟ್ಯಾಂಕಿನ ಕಂಬದ ಮೇಲೆ ತೊಳೆದ ದಿನಾಂಕ, ಮತ್ತೆ ತೊಳೆಯಬೇಕಾದ ದಿನಾಂಕ ಬರೆದಿರುತ್ತಾರೆ. ಓದಿ ನೋಡಿ. ಕೆಲವು ಕಡೆ ಬಣ್ಣವೇ ಮಾಸಿಹೋಗಿರುತ್ತದೆ.

ಮಳೆ ಶುರುವಾದ ಕೂಡಲೇ ವಾಂತಿಭೇದಿ ಯಾಕೆ?

ನೀರು ದಿನದಲ್ಲಿ ಒಂದೆರಡು ಗಂಟೆ ಮಾತ್ರ ಬಿಡುತ್ತೇವೆ. ಉಳಿದ ಹೊತ್ತು ಪೈಪ್ ಖಾಲಿ. ನೀರು ನಿಲ್ಲಿಸಿದಾಗ ಪೈಪಿನೊಳಗೆ ಎಳೆತ ಉಂಟಾಗುತ್ತದೆ. ಎಲ್ಲಾದರೂ ಬಿರುಕಿದ್ದರೆ, ಆ ಬಿರುಕು ಚರಂಡಿಯೊಳಗೇ ಇದ್ದರೆ, ಕೊಳಕು ಒಳಗೆ ಹೋಗುತ್ತದೆ. ಮಳೆಗಾಲದಲ್ಲಿ ಚರಂಡಿ ತುಂಬಿರುತ್ತದೆ, ವಾಲ್ವ್ ಗುಂಡಿಯಲ್ಲೂ ನೀರು ನಿಂತಿರುತ್ತದೆ. ಮರುದಿನ ನೀರು ಬಿಟ್ಟಾಗ ಮೊದಲ ಕೊಡದಲ್ಲಿ ಅದೇ ಬರುತ್ತದೆ.

ಇದು ಸುಮ್ನೆ ಹೆದರಿಸುವ ಮಾತಲ್ಲ. 2022ರಲ್ಲಿ ರಾಯಚೂರು ನಗರದಲ್ಲಿ, 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನ ಪ್ರಕರಣಗಳಲ್ಲಿ ಜನ ಸತ್ತರು, ಎಷ್ಟೋ ಜನ ಆಸ್ಪತ್ರೆ ಸೇರಿದರು.

ಒಂದೇ ಬೀದಿಯಲ್ಲಿ ಎರಡು ಮೂರು ಮನೆಯವರಿಗೆ ಭೇದಿ ಶುರುವಾದರೆ ಕಾಯಬೇಡಿ. ಆಶಾ ಕಾರ್ಯಕರ್ತೆಗೆ ಹೇಳಿ, ನೀರುಗಂಟಿಗೆ ಆ ಬೀದಿಯ ವಾಲ್ವ್ ಮುಚ್ಚಲು ಹೇಳಿ, ಸ್ಯಾಂಪಲ್ ತೆಗೆಸಿ. ಅಲ್ಲಿಯವರೆಗೆ ನೀರು ಚೆನ್ನಾಗಿ ಕುದಿ ಬಂದು ಒಂದೆರಡು ನಿಮಿಷ ಕುದ್ದ ಮೇಲೆ ಆರಿಸಿ ಕುಡಿಯಿರಿ. ಕೀಟಾಣುವಿಗೆ ಕುದಿಸೋದು ನಡೆಯುತ್ತದೆ, ಫ್ಲೋರೈಡಿಗೆ ನಡೆಯೋದಿಲ್ಲ. ಇವೆರಡನ್ನು ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ.

ಊರಿನ ಹೆಣ್ಣುಮಕ್ಕಳು ಕಿಟ್ ಇಟ್ಟುಕೊಂಡು ನೀರು ಪರೀಕ್ಷೆ ಮಾಡುತ್ತಾರಲ್ಲ, ಅದು ಏನು?

2019ರಲ್ಲಿ ಶುರುವಾದ ಜಲ ಜೀವನ್ ಮಿಷನ್‌ನಲ್ಲಿ, ನಮ್ಮಲ್ಲಿ ಮನೆ ಮನೆಗೆ ಗಂಗೆ ಅನ್ನುತ್ತಾರಲ್ಲ ಅದರಲ್ಲಿ, ಪ್ರತಿ ಹಳ್ಳಿಯಲ್ಲಿ ಐದು ಜನ ಹೆಣ್ಣುಮಕ್ಕಳಿಗೆ ಪರೀಕ್ಷೆಯ ತರಬೇತಿ ಕೊಡಬೇಕು ಅಂತ ಇದೆ. ತಲೆಗೆ ದಿನಕ್ಕೆ 55 ಲೀಟರ್ ಅನ್ನೋದು ಎಲ್ಲರಿಗೂ ಗೊತ್ತು, ಈ ಐದು ಜನರ ವಿಷಯ ಎಷ್ಟೋ ಊರಿನಲ್ಲಿ ಗೊತ್ತೇ ಇಲ್ಲ.

ಕಿಟ್ ಅಂದರೆ ಒಂದು ಪೆಟ್ಟಿಗೆ. ಸಣ್ಣ ಸೀಸೆಗಳಲ್ಲಿ ದ್ರಾವಣ, ಗಾಜಿನ ನಳಿಕೆ, ಬಣ್ಣದ ಚಾರ್ಟು. ನಳಿಕೆಯಲ್ಲಿ ಗೆರೆಯವರೆಗೆ ನೀರು ತುಂಬಿ, ಹೇಳಿದಷ್ಟು ಹನಿ ಹಾಕಿ, ಬಂದ ಬಣ್ಣವನ್ನು ಚಾರ್ಟಿನ ಪಕ್ಕ ಹಿಡಿದು ನೋಡಬೇಕು. ಸಾಮಾನ್ಯ ಕಿಟ್‌ಗಳಲ್ಲಿ ಫ್ಲೋರೈಡ್ ಇಲ್ಲದಿದ್ದರೆ ಗುಲಾಬಿ ಕೆಂಪು, ಜಾಸ್ತಿಯಾದಂತೆ ಹಳದಿ. ಬಿಸಿಲಿಗೆ ಹಿಡಿದು ನೋಡಬಾರದು, ನೆರಳಿನಲ್ಲಿ ಬಿಳಿ ಕಾಗದ ಹಿಂದಿಟ್ಟು ನೋಡಿದರೆ ಸರಿಯಾಗಿ ತಿಳಿಯುತ್ತದೆ.

ಬ್ಯಾಕ್ಟೀರಿಯಾಕ್ಕೆ ಬೇರೆ ಬಾಟಲಿ ಇದೆ. ಒಳಗೆ ಔಷಧ ಹಚ್ಚಿದ ಕಾಗದ ಇರುತ್ತದೆ. ಬಾಯಿ ಮುಟ್ಟದೆ ಗೆರೆಯವರೆಗೆ ನೀರು ತುಂಬಿ, ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಇಡಬೇಕು. ಒಂದು ದಿನದಿಂದ ಎರಡು ದಿನದೊಳಗೆ ನೀರು ಕಪ್ಪಾದರೆ ಕೊಳಕು ಸೇರಿದೆ ಅಂತ. ನನಗೆ ಕೇಳಿದರೆ ಊರಿನವರ ಮನಸ್ಸಿಗೆ ನಾಟಿಸಲು ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಅಂಕಿ ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ತಮ್ಮದೇ ಬೀದಿಯ ನೀರು ಕಪ್ಪಾಗಿದ್ದನ್ನು ಕಣ್ಣಾರೆ ನೋಡಿದರೆ ಮಾತು ಬೇರೆಯಾಗುತ್ತದೆ.

ಕಿಟ್ ಕೊಡೋದು ಸೂಚನೆ ಮಾತ್ರ. ಕೆಟ್ಟದ್ದು ಅಂತ ಬಂದರೆ ಲ್ಯಾಬಿಗೆ ಕಳಿಸಬೇಕು. ದ್ರಾವಣದ ಅವಧಿ ಮುಗಿದಿದೆಯಾ ಅಂತಲೂ ಸೀಸೆಯ ಮೇಲೆ ನೋಡಿಕೊಳ್ಳಿ.

ಲ್ಯಾಬಿಗೆ ನಾವೇ ನೀರು ತೆಗೆದುಕೊಂಡು ಹೋಗಬಹುದಾ?

ಹೋಗಬಹುದು. ಇಲಾಖೆಯ ಲ್ಯಾಬ್‌ಗಳಲ್ಲಿ ಸಾರ್ವಜನಿಕರ ಸ್ಯಾಂಪಲ್‌ಗೂ ಪರೀಕ್ಷೆ ಇದೆ. ರಾಸಾಯನಿಕ ಪರೀಕ್ಷೆಗೆ ಹೊಸ ಪ್ಲಾಸ್ಟಿಕ್ ಬಾಟಲಿ ಸಾಕು, ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿ ತುಂಬಿ. ತಂಪುಪಾನೀಯದ ಹಳೆ ಬಾಟಲಿ ಬೇಡ. ಬ್ಯಾಕ್ಟೀರಿಯಾ ಪರೀಕ್ಷೆಗೆ ಲ್ಯಾಬಿನವರೇ ಕೊಡುವ ಬಾಟಲಿ ಬೇಕು. ಐಸ್ ಮೇಲಿಟ್ಟು ಅದೇ ದಿನ ತಲುಪಿಸಬೇಕು, ಇಲ್ಲದಿದ್ದರೆ ಬಂದ ಉತ್ತರಕ್ಕೆ ಬೆಲೆ ಇಲ್ಲ.

ಪಂಚಾಯಿತಿಯ ಪ್ರತಿ ನೀರಿನ ಮೂಲಕ್ಕೂ ವರ್ಷಕ್ಕೆ ಒಮ್ಮೆ ರಾಸಾಯನಿಕ ಪರೀಕ್ಷೆ, ಮಳೆಗಾಲದ ಮುಂಚೆ ಒಂದು ಮತ್ತು ಆಮೇಲೆ ಒಂದು ಬ್ಯಾಕ್ಟೀರಿಯಾ ಪರೀಕ್ಷೆ ಆಗಬೇಕು.

ನೈಟ್ರೇಟ್ ಅಂದರೇನು?

ಗೊಬ್ಬರ, ಕೊಟ್ಟಿಗೆ, ಶೌಚ ಗುಂಡಿಯಿಂದ ನೆಲಕ್ಕೆ ಇಳಿಯುವಂಥದ್ದು. ಬಾಟಲಿ ಹಾಲು ಕುಡಿಯುವ ಎಳೆ ಮಕ್ಕಳಿಗೆ ಅಪಾಯ, ಮೈ ನೀಲಿಗಟ್ಟುತ್ತದೆ. ಇದೂ ಕುದಿಸಿದರೆ ಹೋಗುವುದಿಲ್ಲ. ಬಾವಿ ಅಥವಾ ಬೋರ್‌ವೆಲ್‌ನ ಪಕ್ಕದಲ್ಲೇ ಶೌಚ ಗುಂಡಿ ತೋಡಬೇಡಿ, 10ರಿಂದ 15 ಮೀಟರ್ ಆದರೂ ದೂರ ಇರಲಿ.

ಕಾವೇರಿ ನೀರು "ಸಿ" ದರ್ಜೆ ಅಂತ ಪೇಪರಿನಲ್ಲಿ ಬರುತ್ತದೆ. ಕುಡಿಯಬಾರದಾ?

ಅದು ಹೊಳೆಯ ನೀರಿಗೆ ಕೊಡುವ ದರ್ಜೆ, ನಲ್ಲಿ ನೀರಿಗಲ್ಲ. "ಎ" ಅಂದರೆ ಕ್ಲೋರಿನ್ ಹಾಕಿದರೆ ಸಾಕು. "ಬಿ" ಅಂದರೆ ಸ್ನಾನಕ್ಕೆ ಆಗುತ್ತದೆ. "ಸಿ" ಅಂದರೆ ಪೂರ್ತಿ ಶುದ್ಧೀಕರಣ ಮಾಡಿ, ಅಂದರೆ ಪಟಿಕ ಹಾಕಿ ತಿಳಿಗೊಳಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಹಾಕಿ ಕೊಡಬೇಕು. "ಡಿ" ಮೀನು, ಪ್ರಾಣಿಗಳಿಗೆ, "ಇ" ಹೊಲಕ್ಕೆ. ಬೆಂಗಳೂರಿಗೆ ಬರುವ ಕಾವೇರಿ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಣ ಆಗಿಯೇ ಬರುತ್ತದೆ. ಹೊಳೆ "ಎ"ಯಿಂದ "ಸಿ"ಗೆ ಇಳಿಯಿತು ಅಂದರೆ ಮೇಲಿನ ಊರುಗಳ ಚರಂಡಿ ಹೊಳೆ ಸೇರುತ್ತಿದೆ ಅಂತ. ಪೇಪರಿನವರು ಕೇಳಬೇಕಾದದ್ದು ಅದನ್ನು.

ಕೋಲಾರದ ಕೆರೆಗಳಿಗೆ ಬಂದ ಕೆ.ಸಿ. ವ್ಯಾಲಿ ನೀರು ಕುಡಿಯಬಹುದಾ?

ಆ ಕೆರೆಯ ನೀರನ್ನು ನೇರವಾಗಿ ಕುಡಿಯಲೇಬಾರದು. ಅದು ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧ ಮಾಡಿ ಪಂಪ್ ಮಾಡಿದ್ದು. ಉದ್ದೇಶ ಕೆರೆ ತುಂಬಿಸಿ ಅಂತರ್ಜಲ ಮೇಲೆ ತರೋದು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಂತು. ಮುಂದಿನ ತಿಂಗಳೇ ನೊರೆ ಕಾಣಿಸಿಕೊಂಡು ವಿಷಯ ಹೈಕೋರ್ಟ್, ಆಮೇಲೆ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಈಗ ನೀರು ಹರಿಯುತ್ತಿದೆ. ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಬಂದದ್ದು ನಿಜ, ರೈತರಿಗೆ ಅನುಕೂಲ ಆದದ್ದೂ ನಿಜ. ಮೂರನೇ ಹಂತದ ಶುದ್ಧೀಕರಣ ಮಾಡಿಯೇ ಕೊಡಿ ಅನ್ನುವ ಬೇಡಿಕೆಯೂ ನ್ಯಾಯವಾದದ್ದೇ. ಆ ಕೆರೆಗಳ ಸುತ್ತಮುತ್ತ ಕುಡಿಯಲು ಬೋರ್‌ವೆಲ್ ಬಳಸುವ ಊರುಗಳು ವರ್ಷಕ್ಕೊಮ್ಮೆಯ ಪರೀಕ್ಷೆಗೆ ಕಾಯದೆ ಪದೇ ಪದೇ ಮಾಡಿಸೋದು ಒಳ್ಳೆಯದು.

ಕೆರೆ, ಹೊಳೆಯ ಮೂಲವನ್ನೇ ಕಾಪಾಡಲು ಕಾನೂನು ಇಲ್ಲವಾ?

ಇದೆ. ಅದರ ಕಥೆ ತಿಳಿಯಲು ಬೆಂಗಳೂರಿನ ಹತ್ತಿರದ ತಿಪ್ಪಗೊಂಡನಹಳ್ಳಿ ನೋಡಿ. ಅಲ್ಲಿ ಅರ್ಕಾವತಿ, ಕುಮುದ್ವತಿ ಹೊಳೆಗಳು ಸೇರುವಲ್ಲಿ ಕಟ್ಟಿದ ಚಾಮರಾಜಸಾಗರ ಜಲಾಶಯ 1933ರಿಂದ ಬೆಂಗಳೂರಿಗೆ ನೀರು ಕೊಟ್ಟಿತು. ಊರು ಬೆಳೆಯಿತು, ಮೇಲ್ಗಡೆ ಕಾರ್ಖಾನೆ, ಬಡಾವಣೆ ಬಂದವು, ಕೊಳಕು ಹೊಳೆ ಸೇರಿತು. ಜಲಾನಯನ ಪ್ರದೇಶದಲ್ಲಿ ಏನು ಕಟ್ಟಬಹುದು, ಏನು ಕಟ್ಟಬಾರದು ಅಂತ 2003ರಲ್ಲಿ ಸರ್ಕಾರ ಆದೇಶ ಹೊರಡಿಸಿತು. ಆದೇಶ ಇದ್ದೂ ನೀರು ಕೆಟ್ಟಿತು, ಕೊನೆಗೆ ಅಲ್ಲಿಂದ ನೀರು ಎತ್ತುವುದನ್ನೇ ನಿಲ್ಲಿಸಬೇಕಾಯಿತು. 2019ರಲ್ಲಿ ಆ ನಿರ್ಬಂಧವನ್ನೂ ಸಡಿಲ ಮಾಡಿದರು. ಹತ್ತಿರದ ನೀರು ಕೆಡಿಸಿಕೊಂಡು ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ಬೆಟ್ಟ ಹತ್ತಿಸಿ ತರುತ್ತಿದ್ದೇವೆ. ಕರೆಂಟ್ ಬಿಲ್ಲು ಎಷ್ಟಾಗುತ್ತದೆ ಅಂತ ಜಲಮಂಡಳಿಯವರನ್ನು ಕೇಳಬೇಕು.

ಮಳೆನೀರು ಕುಡಿಯಬಹುದಾ?

ಕುಡಿಯಬಹುದು, ಮಾಳಿಗೆ ಚೊಕ್ಕವಾಗಿದ್ದರೆ. ಮೊದಲ ಮಳೆಯ ನೀರು ಹೊರಗೆ ಬಿಡಿ, ಆಮೇಲಿನದನ್ನು ಸೋಸಿ, ಬೆಳಕು ಬೀಳದ ತೊಟ್ಟಿಯಲ್ಲಿಡಿ, ಕುಡಿಯುವ ಮುಂಚೆ ಕುದಿಸಿ. ಇದರಲ್ಲಿ ಕಲ್ಲಿನಿಂದ ಬರುವ ಫ್ಲೋರೈಡ್ ಇರುವುದಿಲ್ಲ. ಆಸ್ಬೆಸ್ಟಾಸ್ ಶೀಟಿನ ಮೇಲಿನ ನೀರು ಕುಡಿಯಲು ಬೇಡ.

ನೀರು ಕೆಟ್ಟಿದೆ. ದೂರು ಕೊಟ್ಟರೆ ಯಾರೂ ಕೇಳುತ್ತಿಲ್ಲ. ಏನು ಮಾಡೋದು?

ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ಬರವಣಿಗೆಯಲ್ಲಿ ಕೊಡಿ, ಪಿಡಿಒ ಕಚೇರಿಯಲ್ಲಿ ಸೀಲ್ ಹಾಕಿದ ಪ್ರತಿ ಇಟ್ಟುಕೊಳ್ಳಿ. "ನೀರು ಚೆನ್ನಾಗಿಲ್ಲ" ಅಂತ ಬರೆದರೆ ಸಾಲದು. ಯಾವ ಬೀದಿ, ಯಾವ ದಿನದಿಂದ, ಬಣ್ಣವೋ ವಾಸನೆಯೋ, ಎಷ್ಟು ಜನರಿಗೆ ಕಾಯಿಲೆ ಅಂತ ಬರೆಯಿರಿ. ಕೊನೆಯ ಪರೀಕ್ಷೆಯ ವರದಿಯ ಪ್ರತಿ ಕೊಡಿ ಅಂತ ಅದೇ ಪತ್ರದಲ್ಲಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಪಂಚಾಯಿತಿಯ ಅಡಿ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಇರಬೇಕು, ಅದರಲ್ಲಿ ಅರ್ಧ ಜನ ಹೆಂಗಸರಿರಬೇಕು. ನಿಮ್ಮೂರಿನಲ್ಲಿ ಅದರ ಸದಸ್ಯರು ಯಾರು ಅಂತ ಕೇಳಿ, ಕೆಲವು ಕಡೆ ಸದಸ್ಯರಿಗೇ ಗೊತ್ತಿರುವುದಿಲ್ಲ.

ಗ್ರಾಮಸಭೆಯಲ್ಲಿ ರಸ್ತೆ, ಮನೆ, ಬೀದಿದೀಪದ ಮಾತೇ ಹೊತ್ತು ಮುಗಿಸುತ್ತದೆ. ನೀರಿನ ವರದಿ ಓದಿ ಅಂತ ಶುರುವಿನಲ್ಲೇ ಕೇಳಿ ನಡಾವಳಿಯಲ್ಲಿ ಬರೆಸಿ. ಅಲ್ಲೂ ಆಗದಿದ್ದರೆ ತಾಲ್ಲೂಕು ಪಂಚಾಯಿತಿ ಇಒ, ಆಮೇಲೆ ಜಿಲ್ಲಾ ಪಂಚಾಯಿತಿ ಸಿಇಒ. ಕಾರ್ಖಾನೆಯ ನೀರು ಹಳ್ಳ ಸೇರುತ್ತಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ, ಫೋಟೋದಲ್ಲಿ ದಿನಾಂಕ ಕಾಣುವಂತೆ ತೆಗೆದು ಕೊಡಿ. ರಾತ್ರಿ ಹೊತ್ತು ಬಿಡುತ್ತಾರೆ ಅನ್ನೋದಾದರೆ ಆ ಹೊತ್ತನ್ನೂ ಬರೆಯಿರಿ. ಬೆಂಗಳೂರಿನಲ್ಲಾದರೆ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ನೀರಿನ ಕಂದಾಯ ಕಟ್ಟದಿದ್ದರೂ ಕೇಳುವ ಹಕ್ಕು ಇದೆಯಾ?

ಇದೆ. ಆದರೂ ಕಟ್ಟಿ. ಬ್ಲೀಚಿಂಗ್ ಪೌಡರ್, ನೀರುಗಂಟಿಯ ಸಂಬಳ, ಒಡೆದ ಪೈಪಿನ ರಿಪೇರಿ ಇಂಥದ್ದಕ್ಕೆ ಪಂಚಾಯಿತಿಗೆ ದುಡ್ಡು ಬೇಕು, ಅದರಲ್ಲಿ ಈ ಕಂದಾಯವೂ ಸೇರುತ್ತದೆ. ಕಟ್ಟಿದ ರಸೀದಿಯನ್ನು ದೂರಿನ ಪತ್ರದ ಜೊತೆ ಲಗತ್ತಿಸಿದರೆ "ನೀವು ಬಾಕಿ ಇಟ್ಟುಕೊಂಡಿದ್ದೀರಿ" ಅನ್ನಲು ಅವರಿಗೆ ಅವಕಾಶ ಇರುವುದಿಲ್ಲ.